ಗಡಿಗೆರೆ ಎಳೆದ ನ್ಯಾಯಮೂರ್ತಿ: ಸರ್ ಸೈಯದ್ ಫಜಲ್ ಅಲಿ

ಪ್ರತಿ ವರ್ಷ ನವೆಂಬರ್ 1ರಂದು ಕಾಚಿಗೂಡದಲ್ಲಿ ರಾಜ್ಯೋತ್ಸವಕ್ಕೆ ಸೇರಿದಾಗ ನಾವು ಆಲೂರು ವೆಂಕಟರಾಯರನ್ನು, ಹುಯಿಲಗೋಳ ನಾರಾಯಣರಾಯರನ್ನು, ಅಂದಾನಪ್ಪ ದೊಡ್ಡಮೇಟಿಯವರನ್ನು ಗೌರವದಿಂದ ಸ್ಮರಿಸುತ್ತೇವೆ. ಏಕೀಕರಣಕ್ಕಾಗಿ ಬಾಳು ಸವೆಸಿದ ಆ ಮಹನೀಯರಿಗೆ ಸಲ್ಲುವ ಗೌರವ ಅದು. ಆದರೆ ಆ ದಿನಕ್ಕೆ ಅಷ್ಟೇ ಸಂಬಂಧಪಟ್ಟ ಇನ್ನೊಂದು ಹೆಸರನ್ನು ನಾವು ಹೂಮಾಲೆಯೊಡನೆ ನೆನೆಯುವುದಿಲ್ಲ. ನೆನೆದರೂ ದೂರಿನ ದನಿಯಲ್ಲಿಯೇ ನೆನೆಯುತ್ತೇವೆ. ಅದು ಸರ್ ಸೈಯದ್ ಫಜಲ್ ಅಲಿಯವರ ಹೆಸರು.

ಫಜಲ್ ಅಲಿ ಎಂದೊಡನೆ ನಮಗೆ ಹೊಳೆಯುವುದು ಆಯೋಗ, ವ್ಯಕ್ತಿಯಲ್ಲ. ಕಾಸರಗೋಡು ಕೈತಪ್ಪಿದ ಕಥೆಯಲ್ಲಿ, ಬಳ್ಳಾರಿ ಕೂದಲೆಳೆಯಲ್ಲಿ ಉಳಿದ ಕಥೆಯಲ್ಲಿ, ಬೀದರದ ಕಥೆಯಲ್ಲಿ ಆ ಆಯೋಗ ಬರುತ್ತದೆ. ಹೈದರಾಬಾದಿನ ಕನ್ನಡಿಗರಾದ ನಮ್ಮ ಪಾಲಿಗಂತೂ ಆ ವರದಿ ಇನ್ನೂ ಹತ್ತಿರದ್ದು. 1956ರ ಅಕ್ಟೋಬರ್ 31ರ ರಾತ್ರಿ ತಮ್ಮ ಜಿಲ್ಲೆಗಳ ರಾಜಧಾನಿಯಲ್ಲಿ ಮಲಗಿದ ಕಾಚಿಗೂಡದ ಕನ್ನಡ ಕುಟುಂಬಗಳು ಮರುದಿನ ಬೆಳಗ್ಗೆ ಎದ್ದದ್ದು ಬೇರೊಂದು ರಾಜ್ಯದ ಭಾಷಾ ಅಲ್ಪಸಂಖ್ಯಾತರಾಗಿ. ಮನೆ ಬದಲಾಗಲಿಲ್ಲ, ಬೀದಿ ಬದಲಾಗಲಿಲ್ಲ. ನಕ್ಷೆ ಮಾತ್ರ ಬದಲಾಯಿತು. ಆ ನಕ್ಷೆಯ ಹಿಂದಿದ್ದ ಮನುಷ್ಯ ಎಂಥವರು, ಯಾವ ಮನೋಧರ್ಮದಿಂದ ಗೆರೆ ಎಳೆದರು ಎಂಬುದನ್ನು ತಿಳಿಯುವ ಸಣ್ಣ ಪ್ರಯತ್ನ ಈ ಲೇಖನ.

ಬಿಹಾರದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ

ಫಜಲ್ ಅಲಿಯವರು ಜನಿಸಿದ್ದು 1886ರ ಸೆಪ್ಟೆಂಬರ್ 19ರಂದು, ಬಿಹಾರದ ಜಮೀನ್ದಾರಿ ಮನೆತನವೊಂದರಲ್ಲಿ. ಬ್ಯಾರಿಸ್ಟರ್ ಪದವಿ ಪಡೆದು ಬಿಹಾರದಲ್ಲಿ ವಕೀಲಿ ವೃತ್ತಿಯನ್ನು ನಡೆಸಿದ ಅವರು ಮುಂದೆ ಪಾಟ್ನಾ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1941ರಲ್ಲಿ ಸರ್ ಪದವಿ ದೊರೆಯಿತು. 1943ರಿಂದ 1946ರವರೆಗೆ ಅದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ ಕೆಲಸ ಮಾಡಿದರು. 1946ರ ಫೆಬ್ರುವರಿಯಲ್ಲಿ ಮುಂಬಯಿ ಬಂದರಿನಲ್ಲಿ ನೌಕಾಪಡೆಯ ಭಾರತೀಯ ನಾವಿಕರು ಬಂಡೆದ್ದಾಗ, ಆ ಬಂಡಾಯದ ಕಾರಣಗಳನ್ನು ವಿಚಾರಿಸಲು ನೇಮಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು. ಕೆರಳಿದ ಪಕ್ಷಗಳ ನಡುವೆ ಕುಳಿತು ಎರಡೂ ಕಡೆಯ ಮಾತನ್ನು ತಾಳ್ಮೆಯಿಂದ ಕೇಳುವ ಕೆಲಸ ಅವರಿಗೆ ಅಂದೇ ಪರಿಚಿತವಾಗಿತ್ತು.

ದೇಶ ಸ್ವತಂತ್ರವಾದ ವರ್ಷ ಅವರು ಫೆಡರಲ್ ನ್ಯಾಯಾಲಯಕ್ಕೆ ಬಂದರು. 1950ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆರಂಭವಾದಾಗ ಪೀಠದಲ್ಲಿ ಕುಳಿತ ಮೊದಲ ಆರು ಮಂದಿ ನ್ಯಾಯಮೂರ್ತಿಗಳಲ್ಲಿ ಫಜಲ್ ಅಲಿಯವರೂ ಒಬ್ಬರು. ಅವರ ಜೊತೆಗಿದ್ದ ಇನ್ನೊಬ್ಬರು ಮೆಹರ್‌ಚಂದ್ ಮಹಾಜನ್. ಕನ್ನಡ ನಾಡಿನ ಗಡಿಯ ಬಗ್ಗೆ ಮುಂದೆ ವರದಿ ಬರೆದ ಇಬ್ಬರೂ ಆ ಮೊದಲ ಪೀಠದಲ್ಲಿ ಜೊತೆಯಾಗಿ ಕುಳಿತವರು ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದ ಸಂಗತಿ.

ಆ ವರ್ಷದ ಮೇ ತಿಂಗಳಲ್ಲಿ ಎ.ಕೆ. ಗೋಪಾಲನ್ ಮೊಕದ್ದಮೆಯ ತೀರ್ಪು ಹೊರಬಂತು. ಮಲಬಾರಿನ ಕಮ್ಯುನಿಸ್ಟ್ ನಾಯಕರಾದ ಗೋಪಾಲನ್ ಅವರನ್ನು ಮುಂಜಾಗ್ರತಾ ಬಂಧನದ ಕಾನೂನಿನಡಿ ಸೆರೆಯಲ್ಲಿ ಇಡಲಾಗಿತ್ತು. ಪೀಠದ ಬಹುಮತ ಸರ್ಕಾರದ ಪರವಾಗಿ ನಿಂತಿತು. ಫಜಲ್ ಅಲಿಯವರು ಭಿನ್ನಮತದ ತೀರ್ಪು ಬರೆದರು. ಸಂವಿಧಾನ ಕೊಟ್ಟ ಮೂಲಭೂತ ಹಕ್ಕುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಬೇರೆಬೇರೆ ಕೋಣೆಗಳಂತೆ ನೋಡಬಾರದು, ಒಬ್ಬನ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ಸಹಜ ನ್ಯಾಯದ ಪರೀಕ್ಷೆಯಲ್ಲಿಯೂ ನಿಲ್ಲಬೇಕು ಎಂಬುದು ಅವರ ವಾದದ ಸಾರ. ಅಂದು ಅದು ಅಲ್ಪಮತದ ಮಾತಾಗಿತ್ತು. 1970ರ ಬ್ಯಾಂಕ್ ರಾಷ್ಟ್ರೀಕರಣ ಮೊಕದ್ದಮೆಯಲ್ಲಿ, ಆ ಬಳಿಕ 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ನ್ಯಾಯಾಲಯ ಫಜಲ್ ಅಲಿಯವರ ದಾರಿಗೇ ಬಂದಿತು. ಆಗ ಅದನ್ನು ನೋಡಲು ಅವರಿರಲಿಲ್ಲ.

ನ್ಯಾಯಾಲಯದಿಂದ ನಿವೃತ್ತರಾದ ಮೇಲೆ 1952ರಲ್ಲಿ ಅವರನ್ನು ಒರಿಸ್ಸಾದ ರಾಜ್ಯಪಾಲರನ್ನಾಗಿ ನೇಮಿಸಲಾಯಿತು. ದೇಶದ ಗಡಿಗಳನ್ನು ಹೊಸದಾಗಿ ಗುರುತಿಸುವ ಹೊಣೆ ಅವರ ಹೆಗಲಿಗೆ ಬಂದದ್ದು ಅಲ್ಲಿರುವಾಗಲೇ.

ಕೆರಳಿದ ಕಾಲ

ಆ ದಿನಗಳ ಕನ್ನಡ ನಾಡು ಹೇಗಿತ್ತೆಂಬುದನ್ನು ಕಿರಿಯ ಓದುಗರಿಗಾಗಿ ಒಮ್ಮೆ ನೆನಪಿಸುವುದು ಒಳ್ಳೆಯದು. ಮೈಸೂರು ಒಂದು ರಾಜ್ಯ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆಯವರು ಮುಂಬಯಿ ರಾಜ್ಯದವರು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸಿಗೆ ಸೇರಿದವು. ಕೊಡಗು ಪ್ರತ್ಯೇಕ. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ಸಂಸ್ಥಾನದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡ ಮೇಲೂ ಹೈದರಾಬಾದು ರಾಜ್ಯ ಹಾಗೆಯೇ ಉಳಿದಿತ್ತು. ತೆಲುಗು, ಮರಾಠಿ, ಉರ್ದು, ಕನ್ನಡ ನಾಲ್ಕೂ ಭಾಷೆಗಳ ಜನ ಒಂದೇ ರಾಜಧಾನಿಗೆ ಬಂದು ಹೋಗುತ್ತಿದ್ದರು. ಕನ್ನಡಿಗರ ಪಾಲು ಸುಮಾರು ಹತ್ತರಲ್ಲಿ ಒಂದು.

1952ರಲ್ಲಿ ಆ ರಾಜ್ಯದಲ್ಲಿ ಮೊದಲ ಬಾರಿಗೆ ವಯಸ್ಕ ಮತದಾನದ ಚುನಾವಣೆ ನಡೆದು 175 ಸದಸ್ಯರ ವಿಧಾನಸಭೆ ಕೂಡಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನ ಆ ಬಿಳಿಯ ಸಭಾಭವನದಲ್ಲಿ ಗುಲ್ಬರ್ಗದ ಶಾಸಕರು, ವರಂಗಲ್ಲಿನ ಶಾಸಕರು, ಔರಂಗಾಬಾದಿನ ಶಾಸಕರು ಒಂದೇ ಸಾಲಿನಲ್ಲಿ ಕುಳಿತ ಕಾಲ ಅದು. ಶಾಲೆ, ಕಚೇರಿ, ಕೋರ್ಟು, ಉಸ್ಮಾನಿಯಾ ವಿಶ್ವವಿದ್ಯಾಲಯ ಎಂದು ಕನ್ನಡ ಜಿಲ್ಲೆಗಳಿಂದ ಬಂದವರು ನಗರದಲ್ಲಿ ನೆಲೆಸುತ್ತಿದ್ದರು. 1916ರಲ್ಲಿ ಕಟ್ಟಿದ ರೈಲು ನಿಲ್ದಾಣವಿರುವ ಕಾಚಿಗೂಡದ ಸುತ್ತಮುತ್ತ ಕನ್ನಡದ ಮನೆಗಳು ಬೆಳೆದದ್ದು ಹೀಗೆಯೇ.

ಇತ್ತ ಭಾಷಾವಾರು ಪ್ರಾಂತಗಳ ಬೇಡಿಕೆ ಹೊತ್ತಿ ಉರಿಯುತ್ತಿತ್ತು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರದು ಎಂಬುದನ್ನು ವಿಚಾರಿಸಿದವರು ಹೈದರಾಬಾದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರು, ಅದು ಮೈಸೂರಿಗೆ ಸೇರಿತು. ಒಂದು ರಾಜ್ಯ ಹುಟ್ಟಿದ ಮೇಲೆ ಉಳಿದವರು ಸುಮ್ಮನಿರುವುದು ಸಾಧ್ಯವೇ? ಕೇಂದ್ರ ಸರ್ಕಾರ 1953ರ ಡಿಸೆಂಬರ್ 29ರ ನಿರ್ಣಯದ ಮೂಲಕ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು. ಭಾರತ ಸೇವಕ ಸಮಾಜದ ಹೃದಯನಾಥ ಕುಂಜ್ರು ಮತ್ತು ಇತಿಹಾಸಕಾರರೂ ರಾಯಭಾರಿಗಳೂ ಆಗಿದ್ದ ಸರದಾರ್ ಕೆ.ಎಂ. ಪಣಿಕ್ಕರ್ ಸದಸ್ಯರು.

ಮೂವತ್ತೆಂಟು ಸಾವಿರ ಮೈಲಿಗಳ ಪ್ರಯಾಣ

ಅಧ್ಯಕ್ಷರಿಗೆ ಆಗ ಅರವತ್ತೇಳು ವರ್ಷ. ಮುಂದಿನ ಎರಡು ವರ್ಷಗಳಿಗೂ ಕಡಿಮೆ ಅವಧಿಯಲ್ಲಿ ಆಯೋಗ 104 ಸ್ಥಳಗಳಿಗೆ ಹೋಯಿತು, ಸುಮಾರು 38,000 ಮೈಲಿ ಸಂಚರಿಸಿತು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಅಹವಾಲು ಕೇಳಿತು. ಬಂದ ಮನವಿ, ತಂತಿ, ಠರಾವುಗಳ ಸಂಖ್ಯೆ 1,52,250. ಅವುಗಳಲ್ಲಿ ಸಾವಧಾನವಾಗಿ ಯೋಚಿಸಿ ಬರೆದ ಮನವಿಗಳು ಎರಡು ಸಾವಿರದಷ್ಟು ಮಾತ್ರ. ಉಳಿದವೆಲ್ಲ ಜನರ ಆವೇಶದ ಅಳತೆ. ಒಂದೇ ಊರನ್ನು ಎರಡು ಭಾಷೆಗಳವರು ತಮ್ಮದೆಂದು ಹೇಳುವಾಗ, ಇಬ್ಬರ ಬಳಿಯೂ ಶಾಸನ, ಜನಗಣತಿ, ಇತಿಹಾಸದ ಆಧಾರಗಳಿರುವಾಗ, ನ್ಯಾಯ ಯಾವ ಕಡೆಗಿದೆ ಎಂದು ಹೇಳುವುದು ಸುಲಭವಲ್ಲ.

ಆಯೋಗವು ನಾಲ್ಕು ತತ್ವಗಳನ್ನು ಮುಂದಿಟ್ಟುಕೊಂಡಿತು. ದೇಶದ ಏಕತೆ ಮತ್ತು ಭದ್ರತೆ, ಭಾಷೆ ಮತ್ತು ಸಂಸ್ಕೃತಿಗಳ ಸಾಮ್ಯ, ಹಣಕಾಸು ಮತ್ತು ಆಡಳಿತದ ಅನುಕೂಲ, ರಾಷ್ಟ್ರೀಯ ಯೋಜನೆಗಳ ಯಶಸ್ಸು. ಒಂದು ಭಾಷೆಗೆ ಒಂದೇ ರಾಜ್ಯ ಎಂಬ ಸೂತ್ರವನ್ನು ಅದು ಒಪ್ಪಲಿಲ್ಲ. ಹಳ್ಳಿ ಹಳ್ಳಿಗೂ ಗೆರೆ ಎಳೆಯುತ್ತ ಹೋದರೆ ಆಡಳಿತವೇ ಹರಿದು ಚಿಂದಿಯಾದೀತೆಂದು ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು; ಅನಿವಾರ್ಯವಾದ ಕಡೆ ತಾಲ್ಲೂಕಿಗೆ ಇಳಿಯಿತು. ನಮ್ಮ ಗಡಿಯ ಇಂದಿನ ಅನೇಕ ನೋವುಗಳ ಮೂಲ ಈ ಒಂದು ನಿರ್ಧಾರದಲ್ಲಿದೆ.

ಅಧ್ಯಕ್ಷರ ವ್ಯಕ್ತಿತ್ವವನ್ನು ತೋರಿಸುವ ಎರಡು ಸಂಗತಿಗಳು ಆ ವರದಿಯಲ್ಲಿಯೇ ಇವೆ. ಮೊದಲನೆಯದು: ತಮಗೆ ಬಿಹಾರದೊಡನೆ ದೀರ್ಘಕಾಲದ ಸಂಬಂಧವಿದೆ ಎಂಬ ಕಾರಣದಿಂದ ಬಿಹಾರ ಮತ್ತು ಪಶ್ಚಿಮ ಬಂಗಾಳದ ಗಡಿ ತಕರಾರಿನ ತೀರ್ಮಾನದಿಂದ ಅವರು ಹಿಂದೆ ಸರಿದರು. ಆ ಭಾಗವನ್ನು ಉಳಿದ ಇಬ್ಬರಿಗೆ ಬಿಟ್ಟರು. ಎರಡನೆಯದು: ಹಿಮಾಚಲ ಪ್ರದೇಶವನ್ನು ಪಂಜಾಬಿಗೆ ಸೇರಿಸಬೇಕೆಂದು ಉಳಿದಿಬ್ಬರು ಶಿಫಾರಸು ಮಾಡಿದಾಗ ಫಜಲ್ ಅಲಿಯವರು ಅದನ್ನು ಒಪ್ಪದೆ, ಗುಡ್ಡಗಾಡಿನ ಆ ನಾಡು ಪ್ರತ್ಯೇಕವಾಗಿಯೇ ಉಳಿಯಲಿ ಎಂದು ಬೇರೆ ಟಿಪ್ಪಣಿ ಬರೆದರು. ಸರ್ಕಾರ ಅವರ ಮಾತನ್ನು ಒಪ್ಪಿತು. ಹಿಮಾಚಲ ಪ್ರದೇಶ 1971ರ ಜನವರಿ 25ರಂದು ಪೂರ್ಣ ರಾಜ್ಯವಾಯಿತು. ತನ್ನ ಊರಿನ ವಿಷಯ ಬಂದಾಗ ದೂರ ನಿಲ್ಲುವುದು, ಪರರ ಊರಿನ ವಿಷಯ ಬಂದಾಗ ಒಂಟಿಯಾಗಿಯಾದರೂ ನಿಲ್ಲುವುದು, ಇವೆರಡೂ ಒಬ್ಬರಲ್ಲಿಯೇ ಕೂಡಿರುವುದು ಅಪರೂಪ.

ವರದಿಯಲ್ಲಿ ಕನ್ನಡ ನಾಡು

1955ರ ಸೆಪ್ಟೆಂಬರ್ 30ರಂದು ವರದಿ ಸರ್ಕಾರದ ಕೈಸೇರಿತು. ದೇಶದಲ್ಲಿ 16 ರಾಜ್ಯಗಳು, 3 ಕೇಂದ್ರಾಡಳಿತ ಪ್ರದೇಶಗಳು ಇರಲಿ ಎಂಬುದು ಅದರ ಸಲಹೆ. ಆ 16 ರಾಜ್ಯಗಳಲ್ಲಿ ಒಂದರ ಹೆಸರು ಕರ್ನಾಟಕ. ಹೌದು, 1973ರ ನವೆಂಬರ್ 1ರಂದು ನಾವು ಪಡೆದ ಹೆಸರನ್ನು ಈ ಆಯೋಗ ಹದಿನೆಂಟು ವರ್ಷ ಮೊದಲೇ ಬರೆದಿತ್ತು. ಆಗಿನ ಮೈಸೂರು, ಮುಂಬಯಿಯ ನಾಲ್ಕು ಕನ್ನಡ ಜಿಲ್ಲೆಗಳು, ಹೈದರಾಬಾದಿನ ಗುಲ್ಬರ್ಗ ಮತ್ತು ರಾಯಚೂರು, ಕಾಸರಗೋಡು ಬಿಟ್ಟ ದಕ್ಷಿಣ ಕನ್ನಡ, ಕೊಳ್ಳೇಗಾಲ, ಕೊಡಗು ಸೇರಿದ ರಾಜ್ಯ ಅದು. ಬೆಳಗಾವಿ ನಗರ ಕರ್ನಾಟಕದಲ್ಲಿಯೇ ಇರಬೇಕೆಂದು ಆಯೋಗ ಹೇಳಿತು. ಚಂದಗಡ ತಾಲ್ಲೂಕನ್ನು ಮಾತ್ರ ಮುಂಬಯಿಗೆ ಬಿಟ್ಟಿತು.

ಆದರೆ ಸಿಹಿಯ ಜೊತೆಗೆ ಕಹಿಯೂ ಇತ್ತು. ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಹೋಗಲಿ ಎಂದಿತು. ಎರಡು ವರ್ಷದ ಹಿಂದಷ್ಟೇ ಮೈಸೂರಿಗೆ ಬಂದಿದ್ದ ಬಳ್ಳಾರಿಯ ಜನ ಸಿಡಿದೆದ್ದರು. ಮಲಯಾಳಂ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದಾರೆಂಬ ಲೆಕ್ಕದಿಂದ ಕಾಸರಗೋಡು ತಾಲ್ಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಟ್ಟಿತು. ತಾಲ್ಲೂಕಿನ ಉತ್ತರ ಭಾಗದ ಕನ್ನಡ ಮತ್ತು ತುಳು ಜನರ ಕೂಗು ಒಟ್ಟು ಲೆಕ್ಕದಲ್ಲಿ ಕಳೆದುಹೋಯಿತು. ಇನ್ನು ಬೀದರ. ಅಲ್ಲಿ ಮರಾಠಿ, ಕನ್ನಡ, ಉರ್ದು, ತೆಲುಗು ಯಾವುದಕ್ಕೂ ಸ್ಪಷ್ಟ ಬಹುಮತವಿರಲಿಲ್ಲ, ರಾಜಧಾನಿಯೊಡನೆ ಜಿಲ್ಲೆಗೆ ನಿಕಟ ಸಂಪರ್ಕವಿತ್ತು. ಆದ್ದರಿಂದ ಬೀದರ ಹೈದರಾಬಾದಿನೊಡನೆಯೇ ಉಳಿಯಲಿ ಎಂಬುದು ಆಯೋಗದ ಅಭಿಪ್ರಾಯ.

ಹೈದರಾಬಾದಿನ ಬಗ್ಗೆ ಅವರು ಹೇಳಿದ್ದು ಇಂದಿಗೂ ಚರ್ಚೆಯ ವಸ್ತು. ಕನ್ನಡ ಮತ್ತು ಮರಾಠಿ ಜಿಲ್ಲೆಗಳು ಹೋದ ಮೇಲೆ ಉಳಿಯುವ ತೆಲಂಗಾಣವನ್ನು ಬೀದರದ ಸಮೇತ ಹೈದರಾಬಾದು ಎಂಬ ಹೆಸರಿನಲ್ಲಿಯೇ ಪ್ರತ್ಯೇಕ ರಾಜ್ಯವಾಗಿ ಇಡಬೇಕು. 1961ರ ಸುಮಾರಿನ ಚುನಾವಣೆಯ ಬಳಿಕ ಅಲ್ಲಿನ ವಿಧಾನಸಭೆ ಮೂರರಲ್ಲಿ ಎರಡು ಬಹುಮತದಿಂದ ಒಪ್ಪಿದರೆ ಆಗ ಆಂಧ್ರದೊಡನೆ ಸೇರಬಹುದು ಎಂಬುದು ಅವರ ಸಲಹೆ. ಒಂದು ಪ್ರದೇಶದ ಜನ ಬೇರೊಂದು ಪ್ರದೇಶದೊಡನೆ ಸೇರುವ ಮೊದಲು ತಮ್ಮ ಸಭೆಯಲ್ಲಿ ತಾವೇ ತೀರ್ಮಾನಿಸಲಿ ಎಂಬ ವಿಚಾರ ಅದರಲ್ಲಿತ್ತು. ಆ ಸಲಹೆ ಅಂದು ಫಲಿಸಲಿಲ್ಲ. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾದಾಗ ಅನೇಕರು ಈ ಹಳೆಯ ವರದಿಯನ್ನು ಮತ್ತೆ ತೆರೆದು ಓದಿದರು.

ಸಂಸತ್ತು ತಿದ್ದಿದ ನಕ್ಷೆ

ವರದಿ ಬರೆದವರು ಫಜಲ್ ಅಲಿ. ಆದರೆ ಕಾನೂನು ಮಾಡಿದ್ದು ಸಂಸತ್ತು. ಈ ಎರಡನ್ನೂ ನಾವು ಅನೇಕ ವೇಳೆ ಬೆರೆಸುತ್ತೇವೆ. 1956ರ ಆಗಸ್ಟ್ 31ರಂದು ಅಂಗೀಕಾರವಾದ ರಾಜ್ಯ ಪುನರ್ವಿಂಗಡಣಾ ಕಾಯ್ದೆ ವರದಿಯನ್ನು ಹಲವು ಕಡೆ ಬದಲಾಯಿಸಿತು. ಬಳ್ಳಾರಿ ಮೈಸೂರಿನಲ್ಲಿಯೇ ಉಳಿಯಿತು. ತೆಲಂಗಾಣ ಆಂಧ್ರದೊಡನೆ ಕೂಡಿತು. ಬೀದರ ಜಿಲ್ಲೆ ಮೂರು ಪಾಲಾಯಿತು. ಅಹ್ಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ, ಬಹುಪಾಲು ಜಹೀರಾಬಾದ್ ಮತ್ತು ನ್ಯಾಲಕಲ್ ಆಂಧ್ರಪ್ರದೇಶಕ್ಕೆ, ಉಳಿದದ್ದು ಮೈಸೂರಿಗೆ. ರಾಯಚೂರಿನಿಂದ ಗದ್ವಾಲ ಮತ್ತು ಆಲಂಪುರ, ಗುಲ್ಬರ್ಗದಿಂದ ಕೊಡಂಗಲ್ ಮತ್ತು ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. ಕಾಸರಗೋಡಿನ ವಿಷಯದಲ್ಲಿ ಮಾತ್ರ ಆಯೋಗದ ಮಾತೇ ನಿಂತಿತು.

ರಾಜ್ಯದ ಗಡಿ ಬದಲಾದರೆ ಅದರ ಕೆಳಗಿನ ಪ್ರತಿಯೊಂದು ಗೆರೆಯೂ ಅಲುಗುತ್ತದೆ. 1952ರಲ್ಲಿ ಹೈದರಾಬಾದು ವಿಧಾನಸಭೆಗೆ ಆರಿಸಿ ಬಂದಿದ್ದ ಗುಲ್ಬರ್ಗ, ರಾಯಚೂರು, ಬೀದರ ಕಡೆಯ ಶಾಸಕರು 1956ರ ನವೆಂಬರ್ 1ರಂದು ಮೈಸೂರು ವಿಧಾನಸಭೆಯ ಸದಸ್ಯರಾದರು. ಮತದಾರರು ಆರಿಸಿ ಕಳುಹಿಸಿದ್ದು ನಾಂಪಲ್ಲಿಗೆ. ಅವರು ಹೋಗಿ ಕುಳಿತದ್ದು ಬೆಂಗಳೂರಿನಲ್ಲಿ. ಮತಕ್ಷೇತ್ರಗಳನ್ನು ಹೊಸದಾಗಿ ಗುರುತಿಸಲಾಯಿತು. 1957ರ ಚುನಾವಣೆಗೆ ವಿಶಾಲ ಮೈಸೂರಿನ ಕ್ಷೇತ್ರಗಳಲ್ಲಿ 208 ಸ್ಥಾನಗಳು ಸಿದ್ಧವಾದವು. ಆಂಧ್ರಪ್ರದೇಶದಲ್ಲಿ ಇನ್ನೂ ವಿಚಿತ್ರ ಸನ್ನಿವೇಶ. ಆಂಧ್ರ ಭಾಗದ 196 ಸದಸ್ಯರು 1955ರಲ್ಲಿ ಆರಿಸಿ ಬಂದವರು, ಅವರು ಹಾಗೆಯೇ ಮುಂದುವರಿದರು. ತೆಲಂಗಾಣದ 105 ಸ್ಥಾನಗಳಿಗೆ ಮಾತ್ರ 1957ರಲ್ಲಿ ಮತದಾನ ನಡೆಯಿತು.

ಗಡಿಯಾಚೆ ಹೋದ ತಾಲ್ಲೂಕುಗಳ ಕಥೆ ಮತಕ್ಷೇತ್ರಗಳ ಪಟ್ಟಿಯಲ್ಲಿ ಇಂದಿಗೂ ಓದಲು ಸಿಗುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಕೊಡಂಗಲ್, ಗದ್ವಾಲ, ಆಲಂಪುರ ಇವೆಲ್ಲ ಈಗ ತೆಲಂಗಾಣದ ವಿಧಾನಸಭಾ ಕ್ಷೇತ್ರಗಳ ಹೆಸರುಗಳು. ಕಾಸರಗೋಡಿನ ಕಥೆ ಇನ್ನೂ ಸೋಜಿಗದ್ದು. ಕೇರಳದ ಪಾಲಾದ ಮೇಲೆ ಕಾಸರಗೋಡು ಲೋಕಸಭಾ ಕ್ಷೇತ್ರವಾಯಿತು. 1957ರಲ್ಲಿ ಅಲ್ಲಿಂದ ಆರಿಸಿ ಬಂದವರು ಎ.ಕೆ. ಗೋಪಾಲನ್. ಏಳು ವರ್ಷದ ಹಿಂದೆ ಯಾರ ಬಿಡುಗಡೆಯ ಪರವಾಗಿ ಫಜಲ್ ಅಲಿಯವರು ಭಿನ್ನಮತ ಬರೆದಿದ್ದರೋ ಆ ಗೋಪಾಲನ್ ಅವರೇ, ಫಜಲ್ ಅಲಿ ಆಯೋಗದ ಗೆರೆಯಿಂದ ಹುಟ್ಟಿದ ಕ್ಷೇತ್ರದ ಪ್ರತಿನಿಧಿಯಾದರು. ಅದೇ ವರ್ಷ ಕೇರಳ ವಿಧಾನಸಭೆಯ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶರಾಯರು ಅವಿರೋಧವಾಗಿ ಆಯ್ಕೆಯಾದರು. ರಾಜ್ಯದ ಗೆರೆ ಕನ್ನಡಿಗರನ್ನು ಹೊರಗಿಟ್ಟ ಕಡೆ, ಚಿಕ್ಕದಾದ ಮತಕ್ಷೇತ್ರದ ಗೆರೆ ಅವರಿಗೆ ಮಾತನಾಡುವ ಒಂದು ಪೀಠ ಕೊಟ್ಟಿತು. ಮುಂದೆ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ್ ಆಯೋಗ, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಲಿ ಎಂದು ಶಿಫಾರಸು ಮಾಡಿತು. ಹಳೆಯ ಸಹೋದ್ಯೋಗಿ ಬಿಟ್ಟ ಕಡೆಯನ್ನು ಇನ್ನೊಬ್ಬ ಸಹೋದ್ಯೋಗಿ ತಿದ್ದಲು ಹೊರಟಂತಿತ್ತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಗೆರೆಯೊಳಗಿನ ಗೆರೆಗಳು

ರಾಜ್ಯದ ಗಡಿಯನ್ನು ಎಳೆಯುವುದು ಅಪರೂಪದ ಕೆಲಸ. ಮತಕ್ಷೇತ್ರದ ಗಡಿಯನ್ನು ತಿದ್ದುವುದು ಆಗಾಗ ಬರುವ ಕೆಲಸ. ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿದರೆ ಫಜಲ್ ಅಲಿಯವರ ಹೊಣೆಯ ಭಾರ ಚೆನ್ನಾಗಿ ಅರ್ಥವಾಗುತ್ತದೆ. ಕ್ಷೇತ್ರ ಪುನರ್ವಿಂಗಡಣಾ ಆಯೋಗಗಳು 1952, 1962, 1972 ಮತ್ತು 2002ರ ಕಾಯ್ದೆಗಳ ಪ್ರಕಾರ ನೇಮಕವಾದವು. ಜನಗಣತಿಯ ಸಂಖ್ಯೆಯನ್ನು ಹಿಡಿದು, ಒಂದು ಕ್ಷೇತ್ರಕ್ಕೂ ಇನ್ನೊಂದಕ್ಕೂ ಜನಸಂಖ್ಯೆಯಲ್ಲಿ ಆದಷ್ಟು ಸಮಾನತೆ ಇರುವಂತೆ, ಜಿಲ್ಲೆ ಮತ್ತು ತಾಲ್ಲೂಕಿನ ಎಲ್ಲೆಗಳನ್ನು ಸಾಧ್ಯವಾದಷ್ಟು ಕಾಪಾಡಿ ಅವು ಗೆರೆ ಎಳೆಯುತ್ತವೆ. ಕರಡು ಪ್ರಕಟವಾಗುತ್ತದೆ, ಜನರ ಆಕ್ಷೇಪಣೆಗಳನ್ನು ಕೇಳಲಾಗುತ್ತದೆ, ಅಂತಿಮ ಆದೇಶಕ್ಕೆ ಕಾನೂನಿನ ಬಲ ಬರುತ್ತದೆ. ಅಲ್ಲಿ ತಕ್ಕಡಿಯಲ್ಲಿ ತೂಗುವುದು ತಲೆಯೆಣಿಕೆ. ಫಜಲ್ ಅಲಿಯವರ ತಕ್ಕಡಿಯಲ್ಲಿದ್ದದ್ದು ಭಾಷೆ, ನದಿ, ಅಣೆಕಟ್ಟು, ರಾಜಧಾನಿ, ಇತಿಹಾಸ, ಅಭಿಮಾನ. ಇವಕ್ಕೆ ಒಂದೇ ಅಳತೆಗೋಲು ಎಲ್ಲಿದೆ?

1976ರ 42ನೇ ತಿದ್ದುಪಡಿಯಿಂದ ರಾಜ್ಯಗಳ ಸ್ಥಾನಗಳ ಸಂಖ್ಯೆ 1971ರ ಜನಗಣತಿಗೆ ಕಟ್ಟುಬಿತ್ತು. 2001ರ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಆದರೂ ಒಳಗಿನ ಗೆರೆಗಳು ಬದಲಾದವು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿಯನ್ನು ಆಧರಿಸಿ ಸಿದ್ಧಪಡಿಸಿದ ಕ್ಷೇತ್ರಗಳು 2008ರಲ್ಲಿ ಜಾರಿಗೆ ಬಂದವು. ಆ ವರ್ಷದ ಮೇ ತಿಂಗಳಲ್ಲಿ ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯೇ ಹೊಸ ಗಡಿಗಳ ಮೊದಲ ಚುನಾವಣೆ. ನಮ್ಮ ನಗರದಲ್ಲಿಯೂ ಹಿಮಾಯತ್‌ನಗರ ಕ್ಷೇತ್ರ ಮರೆಯಾಗಿ ಅಂಬರ್‌ಪೇಟೆ ಕ್ಷೇತ್ರ ಹುಟ್ಟಿತು. ಕಾಚಿಗೂಡ ಈಗ ಅದರ ಪಾಲಿನದು. ಹಾಗೆ ನೋಡಿದರೆ ಇಲ್ಲಿನ ಹಿರಿಯ ಕುಟುಂಬಗಳು ಮನೆ ಬದಲಿಸದೆಯೇ ಹೈದರಾಬಾದು, ಆಂಧ್ರಪ್ರದೇಶ, ತೆಲಂಗಾಣ ಎಂಬ ಮೂರು ರಾಜ್ಯಗಳ ಮತದಾರರಾಗಿವೆ.

ಗೆರೆಯ ಆಚೆ ಉಳಿದವರು

ಈ ಲೇಖನದ ಮುಖ್ಯ ಮಾತಿಗೆ ಈಗ ಬರುತ್ತೇವೆ. ಎಷ್ಟು ಜಾಣ್ಮೆಯಿಂದ ಗೆರೆ ಎಳೆದರೂ ಎರಡೂ ಬದಿಗಳಲ್ಲಿ ಬೇರೆ ಭಾಷೆಯ ಜನ ಉಳಿದೇ ಉಳಿಯುತ್ತಾರೆ ಎಂಬುದನ್ನು ಫಜಲ್ ಅಲಿ ಆಯೋಗ ಮರೆಯಲಿಲ್ಲ. ರಾಜ್ಯಗಳ ನಕ್ಷೆಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದೇ ವರದಿಯಲ್ಲಿ ಸ್ಥಳ ಕೊಟ್ಟಿತು. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗಬೇಕು, ಅದಕ್ಕೆ ಸಂವಿಧಾನದ ಬೆಂಬಲ ಇರಬೇಕು ಎಂದು ಸೂಚಿಸಿತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯಲ್ಲಿ ಎರಡು ಹೊಸ ವಿಧಿಗಳು ಬಂದವು. 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. 350ಬಿ ವಿಧಿ ಇಂಥವರ ಅಹವಾಲುಗಳನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ವಿಶೇಷ ಅಧಿಕಾರಿಯನ್ನು ಕೊಟ್ಟಿದೆ.

ಕಾಚಿಗೂಡದ ನೃಪತುಂಗ ಶಾಲೆಯ ಅಂಗಳದಲ್ಲಿ ಆಡಿದ, ಕರ್ನಾಟಕ ಸಾಹಿತ್ಯ ಮಂದಿರದ ಸಭೆಗಳಲ್ಲಿ ಕುಳಿತ ನಮಗೆ ಈ ವಿಧಿಗಳು ಬರೀ ಕಾನೂನಿನ ಪುಸ್ತಕದ ಸಾಲುಗಳಲ್ಲ. ನಮ್ಮ ಸಂಸ್ಥೆಗಳನ್ನು ಕಟ್ಟಿದ್ದು ನಮ್ಮ ಹಿರಿಯರ ಶ್ರಮ ಮತ್ತು ದಾನ. ಆದರೆ ಅನ್ಯ ರಾಜ್ಯದಲ್ಲಿ ಕನ್ನಡದಲ್ಲಿ ಕಲಿಯುವುದು ಯಾರೋ ತೋರುವ ದಯೆಯಲ್ಲ, ಅದೊಂದು ಹಕ್ಕು ಎಂಬ ನೆಲೆಯನ್ನು ಒದಗಿಸಿದ್ದು ಆ ವಿಧಿಗಳು. ಹಕ್ಕು ಕಾಗದದ ಮೇಲಿದ್ದರೆ ಸಾಲದು ಎಂಬುದೂ ನಮಗೆ ತಿಳಿದಿದೆ. ಕನ್ನಡ ತರಗತಿಗೆ ಮಕ್ಕಳನ್ನು ಕಳುಹಿಸುವವರು ನಾವೇ. ಕಳುಹಿಸದಿದ್ದರೆ ಯಾವ ವಿಧಿಯೂ ತರಗತಿಯನ್ನು ಉಳಿಸಲಾರದು.

ಕೊನೆಯ ವರ್ಷಗಳು

ಆಯೋಗದ ಕೆಲಸ ಮುಗಿದ ಮೇಲೆ ಫಜಲ್ ಅಲಿಯವರಿಗೆ ವಿಶ್ರಾಂತಿ ದೊರೆಯಲಿಲ್ಲ. 1956ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂತು. ಅದೇ ವರ್ಷ ಅವರು ಅಸ್ಸಾಮಿನ ರಾಜ್ಯಪಾಲರಾದರು. ನಾಗಾ ಗುಡ್ಡಗಳು ಹೊತ್ತಿ ಉರಿಯುತ್ತಿದ್ದ ಕಾಲ ಅದು. ಅಲ್ಲಿಯೂ ಪ್ರಶ್ನೆ ಗಡಿಯದೇ, ತಮ್ಮ ನೆಲದ ಮೇಲೆ ತಮ್ಮ ಮಾತು ನಡೆಯಬೇಕೆಂಬುದರದೇ. 1957ರ ಡಿಸೆಂಬರ್ 1ರಂದು ನಾಗಾ ಗುಡ್ಡಗಳು ಮತ್ತು ತುಯೆನ್ಸಾಂಗ್ ಸೇರಿ ಪ್ರತ್ಯೇಕ ಆಡಳಿತ ಪ್ರದೇಶವಾಯಿತು. ರಾಷ್ಟ್ರಪತಿಗಳ ಪರವಾಗಿ ಅದನ್ನು ನೋಡಿಕೊಳ್ಳುವ ಹೊಣೆ ಅಸ್ಸಾಮಿನ ರಾಜ್ಯಪಾಲರದು. ಸಿಟ್ಟಾಗಿದ್ದ ಜನರನ್ನು ಮಾತಿನ ಮೂಲಕ ಹತ್ತಿರ ತರಲು ವೃದ್ಧ ರಾಜ್ಯಪಾಲರು ಶ್ರಮಿಸಿದರು. ನಾಗಾಲ್ಯಾಂಡ್ 1963ರಲ್ಲಿ ರಾಜ್ಯವಾಯಿತು. ಅದನ್ನು ನೋಡಲು ಅವರು ಉಳಿಯಲಿಲ್ಲ. 1959ರ ಆಗಸ್ಟ್ 22ರಂದು, ಅಧಿಕಾರದಲ್ಲಿರುವಾಗಲೇ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಾಗಾಲ್ಯಾಂಡಿನ ಮೊಕೊಕ್‌ಚುಂಗ್‌ನಲ್ಲಿ ಅವರ ಹೆಸರಿನ ಕಾಲೇಜು ಇಂದಿಗೂ ಇದೆ. ಅವರ ಪುತ್ರ ಮುರ್ತಜಾ ಫಜಲ್ ಅಲಿಯವರೂ ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಫಜಲ್ ಅಲಿಯವರು ಎಲ್ಲ ಕಡೆಯೂ ಸರಿಯಾದ ತೀರ್ಮಾನ ಕೊಟ್ಟರೆಂದು ನಾವು ಹೇಳುವುದಿಲ್ಲ. ಬಳ್ಳಾರಿಯ ವಿಷಯದಲ್ಲಿ ಅವರ ಸಲಹೆ ನಿಲ್ಲದಿದ್ದದ್ದು ಕನ್ನಡಿಗರ ಪುಣ್ಯ. ಕಾಸರಗೋಡಿನ ಕನ್ನಡಿಗರ ದೂರಿಗೆ ಆಧಾರವಿದೆ, ಆ ನೋವು ನಮ್ಮದೂ ಹೌದು. ಆದರೆ ಆಲೂರರು ಕಂಡ ಕನಸಿಗೆ ಸರ್ಕಾರಿ ಕಾಗದದ ಮೇಲೆ ಮೊದಲ ಬಾರಿಗೆ ಸ್ಪಷ್ಟ ರೂಪ ಕೊಟ್ಟು, ಅದಕ್ಕೆ ಕರ್ನಾಟಕ ಎಂಬ ಹೆಸರಿಟ್ಟದ್ದು ಕನ್ನಡ ಬಾರದ ಈ ಬಿಹಾರಿ ನ್ಯಾಯಮೂರ್ತಿಯ ಆಯೋಗ. ಗೆರೆಯ ಒಳಗೆ ಬಂದವರಿಗೆ ರಾಜ್ಯವನ್ನು ಸೂಚಿಸಿದ ಅದೇ ವರದಿ, ಗೆರೆಯ ಹೊರಗೆ ಉಳಿದವರಿಗೆ ಭಾಷೆಯ ಹಕ್ಕನ್ನೂ ಸೂಚಿಸಿತು. ಮೊದಲನೆಯದರ ಹಬ್ಬವನ್ನು ಬೆಂಗಳೂರು, ಕಲಬುರಗಿಗಳಲ್ಲಿರುವ ನಮ್ಮ ಬಂಧುಗಳು ಆಚರಿಸುತ್ತಾರೆ. ಎರಡನೆಯದರ ವಾರಸುದಾರರು ನಾವು.

ಮುಂದಿನ ರಾಜ್ಯೋತ್ಸವದಂದು ಕಾಚಿಗೂಡದಲ್ಲಿ ಸೇರುವಾಗ, ಏಕೀಕರಣದ ಮಹನೀಯರ ಸಾಲಿನಲ್ಲಿ ಈ ಹಿರಿಯರನ್ನೂ ಒಂದು ಕ್ಷಣ ನೆನೆಯೋಣ. ಮನೆಯ ಮಕ್ಕಳನ್ನು ಕರೆತಂದು, ನಾವು ಇಲ್ಲಿರುವುದು ಹೇಗೆ, ಇಲ್ಲಿದ್ದೂ ಕನ್ನಡಿಗರಾಗಿ ಉಳಿದಿರುವುದು ಹೇಗೆ ಎಂಬುದನ್ನು ತಿಳಿಸಿ ಹೇಳೋಣ. ಸರ್ ಸೈಯದ್ ಫಜಲ್ ಅಲಿಯವರ ಸ್ಮರಣೆಗೆ ನಮ್ಮ ನಮನಗಳು.